ಮರೆಗುಳಿ ಕರ್ನಲ್

ಹೇಗ್ ನಗರದ ಜೈಲಿನ ಕಾವಲುಗಾರ ವೀಖರ್‌ಗೆ ಕರ್ನಲ್ ದ್ರಾಗೊಮಿರ್‌ನ ಮರೆವೇ ಒಂದು ವಿಸ್ಮಯ. ಯುದ್ಧಾಪರಾಧದ ವಿಚಾರಣೆಯಲ್ಲಿ ಏನು ಕೇಳಿದರೂ "ನೆನಪಿಲ್ಲ ಸ್ವಾಮಿ" ಎನ್ನುವ ಆಸಾಮಿ, ತನ್ನ ಪಡೆಯ ಹೆಸರನ್ನೂ ವಕೀಲನ ಮುಖ ನೋಡಿಯೇ ಹೇಳುತ್ತಿದ್ದ. ಲಿಪೊವಾರ್ ಎಂಬ ಹಳ್ಳಿಯನ್ನು ಸುಟ್ಟ ಮಾತು ಬಂದರಂತೂ, "ಆ ಊರಿಗೆ ನಾನು ಕಾಲೇ ಇಟ್ಟಿಲ್ಲ" ಎಂದುಬಿಡುತ್ತಿದ್ದ. ಸಂಜೆ ಜೈಲಿನ ಅಡುಗೆಮನೆ ಹೊಕ್ಕನೆಂದರೆ ಅದೇ ತಲೆ ಚುರುಕು: ಯಾರಿಗೆ ಬೆಳ್ಳುಳ್ಳಿ ಆಗದು, ಹೋದ ವಾರ ಪಾತ್ರೆ ತೊಳೆಯದೆ ಜಾರಿಕೊಂಡವರು ಯಾರು, ಎಲ್ಲ ಬಾಯಿಪಾಠ. ಅವನು ಎಲೆಕೋಸಿನ ಸುರುಳಿಗೆ ಅಕ್ಕಿ ತುಂಬುವಾಗ ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಿದ್ದವನು ಅದೇ ಜೈಲಿನ ಇನ್ನೊಬ್ಬ ಕೈದಿ, ಶತ್ರು ಸೈನ್ಯದ ಕ್ಯಾಪ್ಟನ್ ಎನ್ವೆರ್. ಒಂದು ಕಾಲದಲ್ಲಿ ಒಬ್ಬರ ಮೇಲೊಬ್ಬರು ಫಿರಂಗಿ ಹಾರಿಸಿದವರು ಈಗ ಉಪ್ಪಿನ ವಿಷಯಕ್ಕೆ ಜಗಳವಾಡಿ, ಡಚ್ಚರ ಸಪ್ಪೆ ಊಟವನ್ನು ಬೈಯುವುದರಲ್ಲಿ ಒಂದಾಗುತ್ತಿದ್ದರು. ಒಂದು ಸಂಜೆ ವೀಖರ್ ಪ್ರೀತಿಯಿಂದ ತಂದುಕೊಟ್ಟ ಪ್ಲಮ್ ಜಾಮನ್ನು ನೆಕ್ಕಿ ಕರ್ನಲ್ ಮುಖ ಸಿಂಡರಿಸಿದ: "ಥೂ, ಇದೂ ಒಂದು ಜಾಮೇನಯ್ಯಾ? ಲಿಪೊವಾರಲ್ಲಿ ಬಾವಿ ಪಕ್ಕ ನೀಲಿ ಬಾಗಿಲಿನ ಮನೆ ಒಂದಿತ್ತು ನೋಡು, ಅವರ ಹಿತ್ಲಲ್ಲಿ ಬಿಟ್ಟ ಹಣ್ಣು ತಿನ್ಬೇಕಿತ್ತು ನೀನು!" ಈರುಳ್ಳಿ ಹೆಚ್ಚುವ ಸದ್ದು ನಿಂತಿತು. "ನಮ್ಮಕ್ಕನ ಮನೆ ಅದು," ಎಂದ ಎನ್ವೆರ್. ಕರ್ನಲ್ ಉಪ್ಪಿನ ಡಬ್ಬಿ ಹುಡುಕತೊಡಗಿದ, ಎಲ್ಲಿಟ್ಟಿದ್ದನೋ, ನೆನಪಾಗಲಿಲ್ಲ.