ಮಾಳಿಗೆಗೆ ಎಸೆದ ಹಲ್ಲು

ಸಾರವಾಡದ ಸಾಲೆಯ ಮೆಟ್ಟಿಲ ಮೇಲೆ ಬಿದ್ದು ನನ್ನ ಮುಂದಿನ ಹಲ್ಲು ಅರ್ಧ ಮುರಿದಾಗ ನನಗೆ ಒಂಬತ್ತು ವರ್ಷ. ಹಾಲುಹಲ್ಲು ಬಿದ್ದಾಗ ಮಾಡುವಂತೆಯೇ ಅವ್ವ ಆ ಚೂರನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆದಳು. ಆಮೇಲೆ ದಿನಾ ಮುಂಜಾನೆ ಹೆಬ್ಬೆರಳಿನಿಂದ ನನ್ನ ತುಟಿ ಎತ್ತಿ, ಹಲ್ಲು ಬೆಳೆದಿದೆಯೇ ಎಂದು ನೋಡುವಳು. ನನಗೆ ಸಿಟ್ಟು ಬರುತ್ತಿತ್ತು. ಎತ್ತು ಕೊಳ್ಳುವವರು ಹೀಗೇ ನೋಡುತ್ತಾರೆ.

ಕೊನೆಗೆ ಬಸ್ಸು ಹತ್ತಿ ವಿಜಾಪುರಕ್ಕೆ ಹೋದೆವು. ಸಿದ್ಧೇಶ್ವರ ಗುಡಿಯ ಹತ್ತಿರದ ಹಲ್ಲಿನ ಡಾಕ್ಟರು, "ಇದು ಹಾಲಹಲ್ಲಲ್ರಿ ತಾಯಿ, ಮತ್ತ ಬರೂದಿಲ್ಲ" ಎಂದರು. ಮುರಿದ ಹಲ್ಲಿನ ಮೇಲೆ ಲೋಹದ ಟೊಪ್ಪಿಗೆ ಹಾಕಬೇಕೆಂದರೆ ಹಲ್ಲನ್ನು ಸುತ್ತಲೂ ಉಜ್ಜಿ ಸಣ್ಣ ಮಾಡಬೇಕು, ಎಳೆಯ ಹಲ್ಲಿನ ನರ ಅದನ್ನು ತಾಳುವುದಿಲ್ಲವಂತೆ. ಗಾಜಿನ ತುಂಡಿನ ಮೇಲೆ ಬಿಳಿ ಸಿಮೆಂಟು ಕಲಸಿ ಹಲ್ಲು ಮುರಿದಲ್ಲಿ ಮೆತ್ತಿದರು. "ಇದೂ ಬಾಳ ದಿನ ನಿಲ್ಲೂದಿಲ್ಲ. ಖಡಕ್ ರೊಟ್ಟಿ ತಿನ್ನಾಕ ಕೊಡಬ್ಯಾಡ್ರಿ."

ನಮ್ಮ ಮನೆಯಲ್ಲಿ ಖಡಕ್ ರೊಟ್ಟಿಯಲ್ಲದೆ ಬೇರೇನಿತ್ತು? ಆ ವಾರವೇ ಸಿಮೆಂಟು ರೊಟ್ಟಿಯ ಜೊತೆ ಹೊಟ್ಟೆಗೆ ಹೋಯಿತು.

ಮರುದಿನ ಮುಂಜಾನೆ ಅವ್ವ ನನ್ನ ತುಟಿ ಎತ್ತಲಿಲ್ಲ. ತಲೆ ಬಾಚುತ್ತ ಹಿಂದಿನಿಂದಲೇ ಹೇಳಿದಳು: "ಇನ್ನ ನಗೂವಾಗ ಬಾಯಿಗೆ ಕೈ ಅಡ್ಡ ಹಿಡೀವಾ."