ಮೂರನೇ ಸಲದ ಕರೆ

ಹಳೆಯ ಸೂಟ್‌ಕೇಸ್ ತೆರೆದಾಗ ನುಸಿ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅಮ್ಮನ ಸೀರೆಗಳ ಅಡಿಯಲ್ಲಿ ಹೊಲಿಸದೆ ಇಟ್ಟ ಮೂರು ರವಿಕೆ ಕಣಗಳಿದ್ದವು. ಮೂರೂ ಗಿಳಿಹಸಿರು, ಮೂರರ ಅಂಚೂ ಒಂದೇ. ಒಂದೇ ಸಂಜೆ, ಒಂದೇ ಮನೆಯಲ್ಲಿ ಅಮ್ಮನಿಗೆ ಕೊಟ್ಟವು...

ಆಗ ನಾವು ಚಾಮರಾಜಪೇಟೆಯಲ್ಲಿದ್ದೆವು. ಎದುರು ಮನೆಯವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ, ನೆಂಟಸ್ತಿಕೆ ಏನೂ ಇರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಕುಂಕುಮದ ಭರಣಿ ಹಿಡಿದು ಬೀದಿಯವರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆಯುವುದು ಅವರದೇ ಕೆಲಸ. ಸೊಸೆಗೂ ಬಿಟ್ಟುಕೊಡುತ್ತಿರಲಿಲ್ಲ. ಫೋನಿನಲ್ಲಿ ಕರೆದರೆ ಅದು ಕರೆದಂತಲ್ಲ ಎನ್ನುತ್ತಿದ್ದರು. ನೀರಿನ ಜಗಳದಲ್ಲಿ ಮಾತು ಬಿಟ್ಟ ಮನೆಗೂ ಹೋಗಿ, ತುಟಿ ಬಿಚ್ಚದೆ ಹಣೆಗೆ ಕುಂಕುಮ ಇಟ್ಟು ಬರುತ್ತಿದ್ದರು. ಆ ಮನೆಯಾಕೆಯೂ ಸಂಜೆ ತಪ್ಪದೆ ಬಂದು, ತುಟಿ ಬಿಚ್ಚದೆ ತಾಂಬೂಲ ತೆಗೆದುಕೊಂಡು ಹೋಗುತ್ತಿದ್ದಳು. ಎಂಥ ಚೆಂದದ ಜಗಳ ಅದು!

ಒಂದು ದಿನ ಬಟ್ಟೆ ಒಣಹಾಕುತ್ತಿದ್ದ ದೊಡ್ಡಮ್ಮ ತಲೆ ಹಿಡಿದುಕೊಂಡು ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಎರಡು ತಿಂಗಳಾದ ಮೇಲೆ ತಮ್ಮ ಕಾಲ ಮೇಲೆ ನಡೆದು ಮನೆಗೆ ಬಂದಾಗ, ಗಂಡಾಂತರ ಕಳೆಯಿತು ಎಂದುಕೊಂಡೆವು. ಮರೆವು ಎಷ್ಟೋ ವರ್ಷದ ಮೇಲೂ ನಿಧಾನವಾಗಿ ಬರಬಹುದು ಎಂದು ಡಾಕ್ಟರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕೈದು ವರ್ಷಕ್ಕೆ ಅದು ಬಂತು. ಸಾರಿಗೆ ಬೇಳೆ ಹಾಕುವುದು ಮರೆತರು. ಗಾಂಧಿ ಬಜಾರಿನ ಹೂವಿನ ಅಂಗಡಿ ಮುಂದೆ, ಯಾಕೆ ಬಂದೆ ಎಂದು ತಿಳಿಯದೆ ನಿಂತರು. ಹಬ್ಬದ ಕರೆಯನ್ನು ಮಾತ್ರ ಬಿಡಲಿಲ್ಲ.

ಆ ವರ್ಷ ಬೆಳಿಗ್ಗೆ ಅವರು ಕರೆದಿದ್ದರು, ಸಂಜೆ ಐದಕ್ಕೆ ನಾನೂ ಅಮ್ಮನೂ ಹೋಗಿ ಬಂದಿದ್ದೆವು. ಆರಕ್ಕೆ ದೊಡ್ಡಮ್ಮ ಮತ್ತೆ ಬಂದು ಕರೆದರು. ಅಮ್ಮ ಚಕಾರವೆತ್ತದೆ ಹೋಗಿ, ಇನ್ನೊಂದು ತಾಂಬೂಲ ತಂದಳು. ಏಳಕ್ಕೆ ಮತ್ತೆ ಬಂದರು. ಬಾಗಿಲಲ್ಲಿ ನಾನಿದ್ದೆ. ನಗು ತಡೆಯಲಾಗಲಿಲ್ಲ.

"ದೊಡ್ಡಮ್ಮ, ಆಗ್ಲೇ ಎರಡು ಸಲ ಕರೆದ್ರಲ್ಲ. ನಾವು ಬಂದೂ ಹೋದ್ವಿ."

ಅವರು ನನ್ನ ಹಣೆ ನೋಡಿದರು. ಅವರ ಮನೆಯ ಕುಂಕುಮ ಅಲ್ಲೇ ಇತ್ತು.

"ಹೌದಾ... ಗೊತ್ತಾಗ್ಲಿಲ್ಲ ಕಣಮ್ಮ," ಎಂದು ಭರಣಿಯ ಮುಚ್ಚಳ ಹಾಕಿಕೊಂಡು ಮೆಟ್ಟಿಲಿಳಿದರು.

ಅಮ್ಮ ನನಗೆ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಅವರ ಹಿಂದೆಯೇ ಹೋಗಿ ಮೂರನೆಯ ತಾಂಬೂಲವನ್ನೂ ತಂದಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಮರುವರ್ಷ ಕರೆಯಲು ಅವರ ಸೊಸೆ ಬಂದಳು. ಅತ್ತೆ ಯಾಕೆ ಬರಲಿಲ್ಲ ಎಂದು ಅಮ್ಮ ಕೇಳಿದಳು. ದೊಡ್ಡಮ್ಮ ಬೆಳಿಗ್ಗೆಯೇ ಭರಣಿ ಹಿಡಿದು ತಮ್ಮ ಗೇಟಿನವರೆಗೆ ಬಂದು, ನಮ್ಮ ಮನೆ ನೋಡುತ್ತ ನಿಂತಿದ್ದರಂತೆ.

"'ಅವ್ರ ಮನೆಗೆ ಆಗ್ಲೇ ಹೋಗಿದ್ದೆ ಅಲ್ವಾ? ಮತ್ತೆ ಹೋದ್ರೆ ನಗ್ತಾರೆ' ಅಂತ ಒಳಗೆ ಹೋಗ್ಬಿಟ್ರು," ಎಂದಳು ಸೊಸೆ.

ಆ ಹೊತ್ತಿಗೆ ಅವರಿಗೆ ನನ್ನ ಹೆಸರು ಮರೆತಿತ್ತು. ಸ್ವಂತ ಮೊಮ್ಮಗನ ಹೆಸರೂ ಮರೆತಿತ್ತು. ನಾನು ನಕ್ಕದ್ದು ಮಾತ್ರ ಉಳಿದಿತ್ತು.

ಆಮೇಲೆ ಆರು ವರ್ಷ ಇದ್ದರು. ಪ್ರತಿ ಹಬ್ಬಕ್ಕೂ ನಾನೇ ಹೋಗಿ ಕಾಲಿಗೆ ಬೀಳುತ್ತಿದ್ದೆ, ನಮ್ಮನೆಗೆ ಬಂದು ಕರೆಯಿರಿ ಎನ್ನುತ್ತಿದ್ದೆ. ಯಾರ ಮಗಳಮ್ಮ ನೀನು ಎಂದು ಪ್ರೀತಿಯಿಂದ ಕೇಳುತ್ತಿದ್ದರು, ಬರುತ್ತಿರಲಿಲ್ಲ.

ಈಗ ಅವರೂ ಇಲ್ಲ, ಅಮ್ಮನೂ ಇಲ್ಲ. ನಮ್ಮ ಬಾಗಿಲಿಂದ ಅವರ ಬಾಗಿಲಿಗೆ ಇದ್ದದ್ದು ಇಪ್ಪತ್ತು ಹೆಜ್ಜೆ. ಇನ್ನೊಂದು ಸಲ ಹೋಗಿ ಬರಬಹುದಿತ್ತು.