ಒಂದು ಫೋನಿನ ಮೂವರು

ಸಿರುಗುಪ್ಪದ ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ದೂರಶಿಕ್ಷಣದ ಆನ್‌ಲೈನ್ ಪಾಠವನ್ನು ಮಾಳಿಗೆಯ ಮೇಲೆ ಕುಳಿತು ಮಾಡುತ್ತೇನೆ. ಪಕ್ಕದ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಹಾರಿ ಬಂದು ಲ್ಯಾಪ್‌ಟಾಪಿನ ಮೇಲೆ ಕೂರುತ್ತದೆ. ಒರೆಸುತ್ತೇನೆ, ಮತ್ತೆ ಕೂರುತ್ತದೆ. ಬಳ್ಳಾರಿಯ ಸುದ್ದಿಮನೆಯೊಂದರಲ್ಲಿ ದುಡಿದು ನಿವೃತ್ತನಾದ ಮೇಲೆ, ಬಿ.ಎ. ಕೊನೆಯ ವರ್ಷ ಓದುವವರಿಗೆ ವರದಿಗಾರಿಕೆ ಕಲಿಸುವ ಈ ಕೆಲಸ ಒಪ್ಪಿಕೊಂಡೆ. ಪಾಠದ ಅರ್ಧ ಹೊತ್ತು "ಕೇಳಸಾಕತ್ತೈತೇನ್ರಿ?" ಎನ್ನುವುದರಲ್ಲೇ ಹೋಗುತ್ತದೆ.

ಪರದೆಯ ಮೇಲೆ ಮುಖಗಳಿರುವುದಿಲ್ಲ. ಡೇಟಾ ಬೇಗ ಮುಗಿಯುತ್ತದೆಂದು ಎಲ್ಲರೂ ಕ್ಯಾಮೆರಾ ಮುಚ್ಚಿಟ್ಟಿರುತ್ತಾರೆ. ಹೆಸರು ಬರೆದ ಕಪ್ಪು ಚೌಕಗಳ ಎದುರು ಮಾತಾಡಬೇಕು. ಕಳೆದ ವರ್ಷದ ತಂಡದಲ್ಲಿ ತಪ್ಪದೆ ಉತ್ತರ ಕೊಡುತ್ತಿದ್ದದ್ದು ಕುರುಗೋಡಿನ ಒಂದೇ ಹೆಣ್ಣುದನಿ. ಒಂದು ಸಂಜೆ ಆ ದನಿ ಬೇರೆ ಹೆಸರಿನ ಚೌಕದಿಂದ ಬಂತು.

"ಹೆಸರು ಬೇರೆ ತೋರಿಸ್ತೈತಲ್ಲಮ್ಮ?" ಎಂದೆ.

"ಫೋನು ಅಕಿದ್ರಿ ಸರ್, ಬಾಯಿ ನಂದು."

ಹಿಂದೆ ಯಾರೋ ನಕ್ಕರು. ಕುಕ್ಕರ್ ಕೂಗಿತು.

ಆಕೆ ಅಂಗನವಾಡಿ ಕಾರ್ಯಕರ್ತೆ. ನಕ್ಕವರು ಅದೇ ಓಣಿಯ, ಅದೇ ತರಗತಿಯ ಇಬ್ಬರು ಕಿರಿಯರು: ಒಬ್ಬಳು ದರ್ಜಿಯ ಹೆಂಡತಿ, ಇನ್ನೊಬ್ಬಳು ಕಿರಾಣಿ ಅಂಗಡಿಯವರ ಸೊಸೆ. ಮೂವರ ಮನೆಯಲ್ಲೂ ಇರುವುದು ಒಂದೊಂದೇ ಫೋನು, ಅದೂ ಗಂಡಂದಿರದು. ಸಂಜೆ ಯಾರ ಮನೆಯಲ್ಲಿ ಫೋನು ಉಳಿದಿರುತ್ತದೋ ಅಲ್ಲಿ ಮೂವರೂ ಸೇರುತ್ತಿದ್ದರು. ಸ್ಪೀಕರ್ ಹಾಕಿ, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ರೊಟ್ಟಿ ಬಡಿಯುತ್ತ ಪಾಠ ಕೇಳುತ್ತಿದ್ದರು. ಹಿರಿಯಳು ಇರುವಾಗ ತಾವು ಬಾಯಿ ಹಾಕಬಾರದೆಂದು ಕಿರಿಯರು ಸುಮ್ಮನಿರುತ್ತಿದ್ದರು.

ಹಾಜರಿಯನ್ನು ದಾಖಲಿಸುವುದು ಯಂತ್ರ. ಅದಕ್ಕೆ ಗೊತ್ತಾಗುವುದು ಲಾಗಿನ್ ಆದ ಒಂದು ಹೆಸರು, ಅಂದರೆ ಆ ಸಂಜೆ ಫೋನು ಉಳಿದಿದ್ದ ಮನೆಯವಳದು ಮಾತ್ರ. ಮೂವರೂ ಒಂದು ಪಾಠವನ್ನೂ ಬಿಟ್ಟಿರಲಿಲ್ಲ. ಆದರೆ ಪರೀಕ್ಷೆ ಹತ್ತಿರ ಬಂದಾಗ ಮೂವರ ಹಾಜರಿಯೂ ಸಾಲದಾಗಿತ್ತು. ಪ್ರವೇಶ ಪತ್ರ ಬರಲಿಲ್ಲ.

ಕಾರ್ಯಕರ್ತೆ ಫೋನು ಮಾಡಿದರು. ಅಂಗನವಾಡಿ ಮೇಲ್ವಿಚಾರಕಿ ಹುದ್ದೆಗೆ ಪದವಿ ಬೇಕು, ವಯಸ್ಸಿನ ಮಿತಿಯೂ ಇದೆ. "ಈ ಸಲ ಬರೀಲಿಲ್ಲಂದ್ರ ನಂದು ಮುಗೀತ್ರಿ ಸರ್. ಬರೋ ವರ್ಷ ಪಾಸಾದ್ರೂ ಅರ್ಜಿ ಹಾಕಾಕ ಬರಂಗಿಲ್ಲ."

ಬಳ್ಳಾರಿಯ ಅಧ್ಯಯನ ಕೇಂದ್ರಕ್ಕೆ ಹೋಗಿ ಕೇಳೋಣ ಎಂದೆ. ಕುರುಗೋಡಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಕುರುಗೋಡಿನಲ್ಲಿ ಮೂವರು ಹೆಂಗಸರು ಹತ್ತಿದರು. ನಾನು ಕಂಡಕ್ಟರನ ಹತ್ತಿರ ಏನೋ ಕೇಳುತ್ತಿದ್ದೆ. ಅವರಲ್ಲಿ ಹಿರಿಯರಾದವರು ಹಿಂತಿರುಗಿ ನೋಡಿದರು.

"ನಮ್ಮ ಸರ್ ಅಲ್ಲೇನ್ರಿ? ದನಿ ಕೇಳಿ ಗೊತ್ತಾತು."

"ದನಿ ಕೇಳಿ ಎತ್ತರ ಅದಾರಂತ ತಿಳಿದಿದ್ವಿ," ಎಂದು ದರ್ಜಿಯ ಹೆಂಡತಿ ಸೊಸೆಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಕೇಂದ್ರದ ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಅವರ ಮುಖದಲ್ಲಿಯೂ ದಣಿವಿತ್ತು. "ಒಂದು ಫೋನಿನ್ಯಾಗ ಮೂರು ಮಂದಿ ಹೆಂಗ ಕುಂತ್ರವ್ವ?" ಎಂದರು.

"ಓಣ್ಯಾಗ ಒಂದ ಟಿವಿ ಇದ್ದಾಗ ಹತ್ತು ಮನಿಯವ್ರು ಕುಂದರ್ತಿದ್ದಿಲ್ಲೇನ್ರಿ?" ಎಂದಳು ದರ್ಜಿಯ ಹೆಂಡತಿ.

"ಟಿವಿ ಹಾಜರಿ ಹಾಕಂಗಿಲ್ಲ ತಾಯಿ."

ಪಾಠಗಳ ಧ್ವನಿಮುದ್ರಣ ಕೇಂದ್ರದಲ್ಲಿ ಉಳಿದಿತ್ತು. ಯಾವ ಪಾಠದಲ್ಲಿ ಉತ್ತರಿಸಿದ ದನಿ ಯಾರದೆಂದು ಪಾಠ ಮಾಡಿದವರು ಬರೆದುಕೊಟ್ಟರೆ, ಆ ಹಾಜರಿಯನ್ನು ಅವರ ಹೆಸರಿಗೆ ತಿದ್ದಬಹುದು ಎಂದು ಅಧಿಕಾರಿ ಹೇಳಿದರು. ಒಂದು ಲಾಗಿನ್ನಿಗೆ ಒಬ್ಬರೇ. ಉಳಿದವರ ಹೆಸರು ಅಲ್ಲಿಂದ ಹೋಗುತ್ತದೆ.

ಇಯರ್‌ಫೋನ್ ಹಾಕಿಕೊಂಡು ಕುಳಿತೆ. ಕೇಳಿದ್ದನ್ನು ಕೇಳಿದಷ್ಟೇ ಬರೆಯುವುದು ನನಗೆ ರೂಢಿ. ಪ್ರತಿ ಪಾಠದಲ್ಲೂ ಉತ್ತರ ಹಿರಿಯಳ ದನಿಯಲ್ಲೇ ಇತ್ತು. ಅದರ ಹಿಂದೆ, ಗಮನವಿಟ್ಟರೆ ಕೇಳಿಸುವಂತೆ, ಪಿಸುಮಾತು. ಸುದ್ದಿಯಲ್ಲಿ ಏನೇನಿರಬೇಕೆಂದು ನಾನು ಕೇಳಿದ್ದ ಮೊದಲ ಪಾಠದಲ್ಲಿ: "ಯಾರು, ಎಲ್ಲಿ, ಯಾವಾಗ... ಯಾಕ ಅನ್ನೂದು ಬಿಟ್ಟೀ ಅಕ್ಕ." ಮೂವರೂ ಅಲ್ಲಿದ್ದರು. ಅದನ್ನೂ ಬರೆದೆ. ಅಧಿಕಾರಿ ಓದಿ, ಆ ಸಾಲಿನ ಮೇಲೆ ಬೆರಳಿಟ್ಟರು.

"ಪಿಸುಮಾತಿಗೆ ಕಾಲಂ ಇಲ್ರಿ ಸರ್. ಅವರಿಬ್ರ ಲಾಗಿನ್ನಿನ ಪಾಠಾನೂ ಈ ಹಿರಿಯವ್ರ ಹೆಸರಿಗೆ ಹಾಕಿದ್ರ ಇವರೊಬ್ರ ಹಾಜರಿ ತುಂಬತೈತಿ. ಅವರಿಬ್ರದು ಸೊನ್ನಿ. ಇಡೀ ವರ್ಷ ಮತ್ತ ಕುಂದರಬೇಕು."

ಕಾರ್ಯಕರ್ತೆ ಎದ್ದು ನಿಂತರು. "ಬ್ಯಾಡ್ರಿ ಸರ್. ಹೆಂಗ ಐತೋ ಹಂಗ ಇರ್ಲಿ. ಇವ್ರ ಹಾಜರಿ ತಿಂದು ನಾ ಪರೀಕ್ಷಾ ಬರೀಲೇನು?"

"ಹಂಗ ಬಿಟ್ರ ಮೂರು ಮಂದಿದೂ ಹೊಕ್ಕೈತಿ," ಎಂದಳು ಸೊಸೆ. ಅಲ್ಲಿಯವರೆಗೆ ಆಕೆ ಮಾತಾಡಿರಲಿಲ್ಲ. "ನಮಗ ವಯಸ್ಸೈತಿ. ಬರ್ಕೊಳ್ರಿ ಸರ್, ಅಕ್ಕನ ಹೆಸರಿಗೆ."

"ನಿಮ್ಮತ್ತಿ ಇನ್ನೊಂದು ವರ್ಷ ಬಿಡ್ತಾಳೇನಲೇ?" ಎಂದರು ಕಾರ್ಯಕರ್ತೆ.

"ಬೈತಾಳ. ದಿನಾ ಬೈತಾಳ, ಹೊಸದೇನಲ್ಲ."

ದರ್ಜಿಯ ಹೆಂಡತಿ ಕಿಟಕಿಯ ಕಡೆ ನೋಡುತ್ತ ಹೂಂ ಎಂಬಂತೆ ತಲೆಯಾಡಿಸಿದಳು. ಸಹಿ ಮಾಡಿದೆ. ನಾನು ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಕಾಗದ ಕೊಡುವ ಮೊದಲು ಇನ್ನೊಮ್ಮೆ ಓದಿದೆ.

ಕಾರ್ಯಕರ್ತೆ ಪರೀಕ್ಷೆ ಬರೆದರು. ಫಲಿತಾಂಶ ಇನ್ನೂ ಬಂದಿಲ್ಲ.

ಈ ವರ್ಷದ ಮೊದಲ ಪಾಠಕ್ಕೆ ಕುರುಗೋಡಿನಿಂದ ಎರಡು ಹೆಸರುಗಳು ಬಂದವು. ನಿಯಮದಂತೆ ಇಬ್ಬರೂ ಒಂದೊಂದು ಫೋನು ಹೊಂದಿಸಿಕೊಂಡಿದ್ದರು. ನಾನು ಬಾಯಿ ತೆರೆದ ಕೂಡಲೇ ಕಿವಿ ಒಡೆಯುವ ಕಿರುಚು. ಒಂದೇ ಅಡುಗೆಮನೆಯಲ್ಲಿ, ಒಂದೇ ಡಬ್ಬಿಗೆ ಎರಡೂ ಫೋನು ಒರಗಿಸಿದ್ದರು; ಒಂದರ ದನಿ ಇನ್ನೊಂದಕ್ಕೆ ಹೊಕ್ಕು ಕೂಗುತ್ತಿತ್ತು.

"ಒಬ್ರು ದನಿ ಬಂದ್ ಮಾಡ್ರಮ್ಮ," ಎಂದೆ.

"ಬಂದ್ ಮಾಡಿದ್ರ ಹಾಜರಿ ಹೊಕ್ಕೈತೇನ್ರಿ?"

ಹೋಗುವುದಿಲ್ಲ ಎಂದೆ. ನಂಬಲಿಲ್ಲ. ಅತ್ತ ಕೊಂಚ ಹೊತ್ತು ಗುಸುಗುಸು, ಪಾತ್ರೆಯ ಸದ್ದು, ಬಾಗಿಲು ಎಳೆದ ಸದ್ದು. ಆಮೇಲೆ ಕಿರುಚು ನಿಂತಿತು.

"ನಾ ಕಟ್ಟಿ ಮ್ಯಾಲ ಬಂದೀನ್ರಿ ಸರ್," ಎಂದಳು ಸೊಸೆ. "ಅಕಿ ಒಳಗದಾಳ. ಈಗ ಹೇಳ್ರಿ."

ಲ್ಯಾಪ್‌ಟಾಪಿನ ಮೇಲಿನ ಬೂದಿ ಒರೆಸಿ, ಸುದ್ದಿಯಲ್ಲಿ ಏನೇನಿರಬೇಕು ಎಂಬ ಹಿಂದಿನ ವರ್ಷದ ಮೊದಲ ಪ್ರಶ್ನೆಯನ್ನೇ ಕೇಳಿದೆ. ಸೊಸೆ ತಾನೇ ಉತ್ತರಿಸಿದಳು. ಯಾರು, ಎಲ್ಲಿ, ಯಾವಾಗ ಎಂದು ಹೇಳಿ ಅಲ್ಲಿಗೆ ನಿಂತಳು. ಯಾಕೆ ಎನ್ನುವುದನ್ನು ಹಿಂದಿನಿಂದ ಯಾರೂ ಹೇಳಿಕೊಡಲಿಲ್ಲ.